ಹಳದಿ ಚೀಲದಲ್ಲಿ ಮರಳಿ ಬಂದ ಎಲೆಗಳು

ನೆರೆ, ಚಂಡಮಾರುತ ಬಂದಾಗ ಊಟ ಕಳಿಸುವ ಕೆಲಸಕ್ಕೆ ಈಗ ಓದಿದ ಮಕ್ಕಳು ಬರುತ್ತಾರೆ. ಕುತ್ತಿಗೆಯಲ್ಲಿ ಕಾರ್ಡು, ಕೈಯಲ್ಲಿ ಮೊಬೈಲು. ಒಳ್ಳೆಯದೇ. ನಾನು ಬಂದದ್ದು ಮೂರನೇ ಕ್ಲಾಸಿನ ಓದು ಮತ್ತು ಉದ್ದ ಹಿಡಿಯ ಒಂದು ಸೌಟು ಹಿಡಿದುಕೊಂಡು. ಆದರೂ ಮದ್ರಾಸಿನಲ್ಲಿ ನೀರು ಏರಿದಾಗಲೆಲ್ಲ ಮಿಲಿಟರಿಯವರು, ಫೈರ್ ಸರ್ವಿಸ್‌ನವರು, ತಹಶೀಲ್ದಾರರು ಕೂರುವ ಮೇಜಿನ ಮೂಲೆಯಲ್ಲಿ ನನಗೂ ಒಂದು ಕುರ್ಚಿ ಹಾಕುತ್ತಿದ್ದರು. ಊರಿಗೆ ಈಗ ಹೊಸ ಹೆಸರು ಬಂದಿದೆ. ನನ್ನ ಬಾಯಿಗೆ ಮದ್ರಾಸೇ ಬರುತ್ತದೆ, ಬಿಡಿ.

ನಾನು ಮುಖ್ಯವಾಗಿ ಬರೆಯಲು ಕೂತದ್ದು ಒಬ್ಬ ಮುದುಕಿಯ ವಿಷಯ. ಅವಳು ಮಹಡಿ ಮನೆಯ ಒಳಕೋಣೆಯಲ್ಲಿ ಮಲಗಿದ್ದಳು. ಸರಕಾರದ ಪಟ್ಟಿಯಲ್ಲಿ ಇರಲಿಲ್ಲ. ನೀರು ಮಧ್ಯಾಹ್ನದೊಳಗೆ ಆ ಮಹಡಿಗೆ ಬರುವುದಿತ್ತು. ಅವಳು ಅಲ್ಲಿದ್ದಾಳೆ ಎಂದು ಹೊರಗಿನವರಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಆದರೆ ಹಿಂದಿನ ದಿನವಷ್ಟೇ ನಾನೊಂದು ಪೆದ್ದುತನ ಮಾಡಿದ್ದೆ. ನನ್ನ ಮಾತಿಗೆ ಬೆಲೆ ಉಳಿದಿರಲಿಲ್ಲ. ಅದನ್ನು ಹೇಳುವ ಮೊದಲು ನಾನು ಆ ಮೇಜಿಗೆ ಹೇಗೆ ಬಂದೆ ಎಂದು ಹೇಳಬೇಕು. ಇಲ್ಲದಿದ್ದರೆ ಎಲೆಯ ಕತೆ ನಿಮಗೆ ತಲೆಗೆ ಹೋಗುವುದಿಲ್ಲ.

ನಮ್ಮದು ಕುಂದಾಪುರದ ಕಡೆ. ನನ್ನ ಗಂಡ ತ್ರಿಪ್ಲಿಕೇನಿನಲ್ಲಿ ಮೆಸ್ ಇಟ್ಟಿದ್ದರು. ಅವರು ಹೋದ ಮೇಲೆ ನಾನೇ ನಡೆಸಿದೆ. ಸುತ್ತಲಿನ ಲಾಡ್ಜುಗಳಲ್ಲಿ ಒಂಟಿಯಾಗಿದ್ದ ಗುಮಾಸ್ತರು, ಮೇಷ್ಟ್ರುಗಳು ನಮ್ಮಲ್ಲಿ ಉಣ್ಣುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ನನಗೆ ಕಲಿಸಿದ ಮೊದಲ ವಿದ್ಯೆ ಸಾರಲ್ಲ, ಹುಳಿಯಲ್ಲ. ಉಂಡೆದ್ದವರ ಎಲೆ ನೋಡುವುದು. "ಉಂಡವನ ಬಾಯಿ 'ಲಾಯ್ಕಿತ್ತು' ಹೇಳ್ತದೆ. ಎಲೆ ಸುಳ್ಳು ಹೇಳುದಿಲ್ಲ," ಎನ್ನುತ್ತಿದ್ದರು. ಅನ್ನ ಹಾಗೇ ಬಿಟ್ಟು ಉಪ್ಪಿನಕಾಯಿ ಮಾತ್ರ ನೆಕ್ಕಿದವನಿಗೆ ಜ್ವರ ಬರುವುದಿದೆ. ಎಲ್ಲವನ್ನೂ ಕಲಸಿ ಏನೂ ತಿನ್ನದೆ ಎದ್ದವನಿಗೆ ಊರಿಂದ ಕೆಟ್ಟ ಕಾಗದ ಬಂದಿದೆ. ನಾಲ್ಕು ದಿನ ನೋಡಿದರೆ ಐದನೇ ದಿನ ಎಲೆಯಿಂದಲೇ ಮನುಷ್ಯನನ್ನು ಗುರುತಿಸಬಹುದು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ಚಂಡಮಾರುತ ಬಂತು. ದೊಡ್ಡ ಒಲೆ, ದೊಡ್ಡ ಕೊಪ್ಪರಿಗೆ ಇದ್ದವರನ್ನು ಕಾರ್ಪೊರೇಷನ್ನಿನವರು ಹುಡುಕಿಕೊಂಡು ಬಂದರು. ಫೈರ್ ಸರ್ವಿಸ್ ಗಾಡಿ ನಮ್ಮ ಪಾತ್ರೆಗಳ ಜೊತೆ ನನ್ನನ್ನೂ ಹತ್ತಿಸಿಕೊಂಡು ಹೋಯಿತು. ಒಂದು ಶಾಲೆಯಲ್ಲಿ ಅಡುಗೆ. ಸಾಂಬಾರನ್ನ ಮಾಡಿ, ಬಿಸಿ ಬಿಸಿಯಾಗಿ ಬಾಳೆಲೆಯಲ್ಲಿಟ್ಟು, ಪೇಪರು ಸುತ್ತಿ, ನೂಲಿನಿಂದ ಕಟ್ಟಿ ಪೊಟ್ಟಣ ಮಾಡಿದೆವು. ಬಿಸಿ ಊಟ ಕಳಿಸಿದೆ ಎಂದು ನನಗೆ ಬಹಳ ಹೆಮ್ಮೆ. ರಸ್ತೆಯಲ್ಲಿ ಮರ ಬಿದ್ದು ಗಾಡಿ ನಿಂತಿತು. ಸಂಜೆ ಫೈರ್ ಆಫೀಸರು ಒಂದು ಪೊಟ್ಟಣ ತಂದು ನನ್ನೆದುರು ಬಿಚ್ಚಿದರು. ಹುಳಿ ವಾಸನೆ ಮೂಗಿಗೆ ಹೊಡೆಯಿತು.

"ಅಮ್ಮಾ, ಇದನ್ನು ನೀವು ತಿನ್ನುತ್ತೀರಾ?" ಎಂದು ತಮಿಳಿನಲ್ಲಿ ಕೇಳಿದರು.

ನಾನು ಒಂದು ತುತ್ತು ತಿಂದೆ. "ಇಲ್ಲ. ಎಲ್ಲ ಬಿಸಾಡಿ," ಎಂದೆ. ಅಂದಿನಿಂದ ಆ ಮನುಷ್ಯ ನನ್ನನ್ನು ನಂಬಿದರು. ತಪ್ಪು ಮಾಡದವರನ್ನು ಈ ಕೆಲಸದಲ್ಲಿ ಯಾರೂ ನಂಬುವುದಿಲ್ಲ, ಒಪ್ಪಿಕೊಂಡವರನ್ನು ನಂಬುತ್ತಾರೆ.

ಮಾರನೆಯ ದಿನದಿಂದ ಕ್ರಮ ಬದಲಾಯಿತು. ಶಾಲೆಯ ಹಾಲಿನ ತುಂಬ ಬಿಳಿ ಪಂಚೆ ಹಾಸಿ ಅನ್ನ ಹರವಿದೆವು. ಎಲ್ಲ ಕಿಟಕಿಗಳಿಂದ ಬೆಳಗಿನ ಬೆಳಕು ಬರುತ್ತಿತ್ತು. ಆವಿ ಎದ್ದು ಎದ್ದು ಹಾಲಿನಲ್ಲಿ ಮಂಜು ಕವಿದಂತಾಗಿ, ಪಂಚೆಯ ಅಂಚಿನಲ್ಲಿ ನಡೆಯುವ ಹೆಂಗಸರ ಕಾಲು ಕಾಣುತ್ತಿರಲಿಲ್ಲ. ಸೊಂಟದಿಂದ ಮೇಲಷ್ಟೇ ತೇಲಿಕೊಂಡು ಹೋಗುತ್ತಿದ್ದರು. ಬಾಗಿಲಿಗೆ ಬಂದ ಮಿಲಿಟರಿಯವರು ಬೂಟು ಬಿಚ್ಚಿ ಸುಮ್ಮನೆ ನಿಂತರು. ಯಾರೂ ಬಿಚ್ಚಿ ಎಂದು ಹೇಳಿರಲಿಲ್ಲ. ಅನ್ನ ತಣಿಯುವವರೆಗೆ ಪೊಟ್ಟಣ ಕಟ್ಟಬಾರದು, ಇದೇ ನಾನು ಕಲಿತ ಮೊದಲ ಪಾಠ. ಸಾಂಬಾರನ್ನ ಬಿಟ್ಟು ಬೇಗ ಹಳಸದ ಹುಳಿಯನ್ನಕ್ಕೆ ಬಂದದ್ದೂ ಆಗಲೇ.

ಸುನಾಮಿಯ ವರ್ಷ ಮತ್ತೊಂದು ತಪ್ಪು. ನಮ್ಮಲ್ಲಿ ಎಲೆಗೆ ಒಂದು ಸಿಹಿ ಬೀಳದೆ ಊಟ ಬಡಿಸುವ ರೂಢಿ ಇಲ್ಲ. ಕುಪ್ಪಕ್ಕೆ, ಅಂದರೆ ಮೀನುಗಾರರ ಕೇರಿಗೆ, ಊಟ ಕಳಿಸುವಾಗ ಕೈ ತನ್ನಷ್ಟಕ್ಕೆ ಪ್ರತಿ ಪೊಟ್ಟಣಕ್ಕೂ ಒಂದೊಂದು ಸೌಟು ಕೇಸರಿಬಾತು ಹಾಕಿತು. ಜೊತೆಗೆ ನಾನೂ ಹೋದೆ. ಸಮುದ್ರ ಏನೂ ಮಾಡದವರ ಹಾಗೆ ಹಾಲಿನಂತೆ ಮಲಗಿತ್ತು. ದೋಣಿಗಳು ಮನೆಗಳ ಮಾಡಿನ ಮೇಲೆ ಕೂತಿದ್ದವು. ಒಬ್ಬ ಹೆಂಗಸು ಪೊಟ್ಟಣ ಬಿಚ್ಚಿದಳು, ಕೇಸರಿ ಬಣ್ಣ ನೋಡಿದಳು, ನನ್ನ ಮುಖ ನೋಡಿದಳು.

"ಯಾರುಕ್ಕು ಕಲ್ಯಾಣಂ, ಅಮ್ಮಾ?"

ಯಾರ ಮದುವೆ ಎಂದು ಕೇಳಿದಳು, ಅಷ್ಟೇ. ಜಗಳವಾಡಲಿಲ್ಲ. ಆ ದಿನದ ಪೊಟ್ಟಣಗಳೆಲ್ಲ ಮರಳಿನ ಮೇಲೆ ಹಾಗೇ ಉಳಿದವು. ಏನು ಬೇಯಿಸಬೇಕು ಎನ್ನುವ ಮೊದಲು ಆ ಮನೆಯಲ್ಲಿ ಏನಾಗಿದೆ ಎಂದು ತಿಳಿಯಬೇಕು.

ಇನ್ನು ಮುದುಕಿಯ ವಿಷಯ.

ಸುನಾಮಿಯ ಮುಂದಿನ ವರ್ಷದ ಹಿಂಗಾರು ಬಿಡದೆ ಸುರಿಯಿತು. ನದಿ ಪಕ್ಕದ ಬಡಾವಣೆಗಳಿಗೆ ನೀರು ನುಗ್ಗಿತು. ಎತ್ತರದಲ್ಲಿದ್ದ ಒಂದು ಶಾಲೆಯಲ್ಲಿ ನಮ್ಮ ಅಡುಗೆ, ಮಿಲಿಟರಿಯವರ ಬೋಟು, ತಹಶೀಲ್ದಾರರ ಪಟ್ಟಿ ಎಲ್ಲವೂ ಒಂದೇ ಕಡೆ. ಮೇಜಿನ ಮೇಲೆ ನಾಲ್ಕು ನಕಾಶೆ. ನಾಲ್ಕೂ ಬೇರೆ ಬೇರೆ ಊರಿನದೇನೋ ಅನ್ನಬೇಕು. ಮಿಲಿಟರಿಯವರಿಗೆ ಬೀದಿ ಅಂದರೆ ಒಂದು ನಂಬರು. ಕಾರ್ಪೊರೇಷನ್ನಿಗೆ ವಾರ್ಡು. ಫೈರ್‌ನವರು 'ಪಿಳ್ಳೆಯಾರ್ ಕೋಯಿಲ್ ಬೀದಿ' ಎನ್ನುತ್ತಾರೆ, ಅಂಥ ಗಣಪತಿ ಗುಡಿ ಬೀದಿಗಳು ಆ ಕಡೆ ಎಷ್ಟೋ ಇದ್ದವು. ಬೆಳಗಿನ ಅರ್ಧ ಗಂಟೆ ಎಲ್ಲರೂ ಒಂದೇ ಬೀದಿಯ ಮಾತಾಡುತ್ತಿದ್ದಾರೆಂದು ಗೊತ್ತಾಗುವುದಕ್ಕೇ ಹೋಗುತ್ತಿತ್ತು.

ಬೋಟುಗಳ ಯಜಮಾನ ಒಬ್ಬ ಕ್ಯಾಪ್ಟನ್. ಉತ್ತರದವನು, ಚಿಕ್ಕ ಪ್ರಾಯ, ಮೀಸೆ ಇನ್ನೂ ಸರಿಯಾಗಿ ಕೂತಿರಲಿಲ್ಲ. ನನಗೆ ಹಿಂದಿ ಬಾರದು, ಅವನಿಗೆ ಹಿಂದಿ, ಇಂಗ್ಲಿಷು ಬಿಟ್ಟು ಬೇರೆ ಬಾರದು. ನಡುವೆ ಹವಾಲ್ದಾರ್ ಬಸಪ್ಪ. ಮುಧೋಳದ ಕಡೆಯವನು, ಎತ್ತಿನಂಥ ಮೈ, ಮಾತು ಮಾತ್ರ ಬೆಣ್ಣೆ. ಅವನ ಕನ್ನಡ ನನಗೆ ಅರ್ಧ ತಿಳಿಯುತ್ತಿತ್ತು, ನನ್ನದು ಅವನಿಗೆ ಅರ್ಧ. ಎರಡು ಅರ್ಧ ಸೇರಿಸಿ ಕೆಲಸ ನಡೆಸಿದೆವು.

ಜನ ಉಂಡ ಎಲೆಗಳನ್ನು ನೀರಿಗೆ ಎಸೆಯುತ್ತಿದ್ದರು. ಎಲೆ ಹೋಗಿ ನೀರೆತ್ತುವ ಪಂಪಿಗೆ ಸಿಕ್ಕಿಕೊಳ್ಳುತ್ತದೆ ಎಂದು ಇಂಜಿನಿಯರು ದೂರಿದರು. ಆಗ ಒಂದು ಕಲ್ಯಾಣ ಮಂಟಪದವರು ತಾಂಬೂಲಕ್ಕೆಂದು ಹೊಲಿಸಿ ಉಳಿದ ಹಳದಿ ಬಟ್ಟೆಯ ಚೀಲಗಳನ್ನು ಕಟ್ಟುಗಟ್ಟಲೆ ಕೊಟ್ಟಿದ್ದರು. ನಾನು ಹೇಳಿದೆ: ಪ್ರತಿ ಚೀಲದ ಮೇಲೆ ಮನೆ ನಂಬರು ಬರೆಯಿರಿ. ಅದರಲ್ಲೇ ಪೊಟ್ಟಣ ಹೋಗಲಿ. ಮನೆಯವರು ಹಗ್ಗ ಬಿಟ್ಟು ಎಳೆದುಕೊಳ್ಳಲಿ, ಉಂಡ ಎಲೆಗಳನ್ನು ಅದೇ ಚೀಲಕ್ಕೆ ತುಂಬಿ ಮುಂದಿನ ಬೋಟಿಗೆ ಇಳಿಸಲಿ.

ಬಸಪ್ಪ ಕ್ಯಾಪ್ಟನ್ನನ ಮಾತು ಕೇಳಿ ನನ್ನ ಕಡೆ ತಿರುಗಿದ. "ಅವ್ವಾರ, ಸಾಹೇಬರು ಕೇಳಾಕತ್ತಾರ್ರೀ, ಮಿಲಿಟ್ರಿ ಬೋಟ್ನ್ಯಾಗ ಎಂಜಲಾ ಹೇರ್ಕೊಂಡು ಬರಬೇಕೇನು ಅಂತ."

"ಹೌದು ಹೇಳು. ಬಂದ ಚೀಲ ನಾನು ಬಿಚ್ಚಿ ನೋಡದೆ ಯಾರೂ ಬಿಸಾಡ್ಬಾರ್ದು, ಅದನ್ನೂ ಹೇಳು."

"ಎಂಜಲದಾಗ ಏನ್ ನೋಡತೀರ್ರೀ?"

"ಉಪ್ಪು ಸಾಕಾ ಬೇಕಾ ನೋಡ್ತೇನೆ ಮಾರಾಯ. ನಿಂಗೆ ಎಂತಕ್ಕೆ ಅದೆಲ್ಲ?"

ಹೀಗೆ ಚೀಲಗಳು ಹೊರಟವು. ಚೀಲದ ಮೇಲೆ ಮದುಮಗ, ಮದುಮಗಳ ಹೆಸರು ಅಚ್ಚಾಗಿತ್ತು. ಇಡೀ ಬೀದಿಯಲ್ಲಿ ಪ್ರತಿ ಬಾಲ್ಕನಿಯಿಂದ ಅದೇ ಗಂಡು ಹೆಣ್ಣು ಹಗ್ಗದಲ್ಲಿ ಇಳಿಯುತ್ತಿದ್ದರು, ಏರುತ್ತಿದ್ದರು. ಕೆಳಗಿನ ನೀರಿನಲ್ಲಿ ಅವರದೇ ನೆರಳು ತಲೆಕೆಳಗಾಗಿ ಎದುರು ಬರುತ್ತಿತ್ತು. ಆ ಜೋಡಿ ಈಗ ಎಲ್ಲಿದೆಯೋ. ಅಷ್ಟು ಮನೆಗಳಲ್ಲಿ ಓಡಾಡಿದ ಗಂಡ ಹೆಂಡತಿ ಬೇರೆ ಇರಲಾರರು.

ಎರಡನೇ ದಿನ ಹದಿನಾಲ್ಕನೇ ನಂಬರಿನ ಚೀಲ ಬಿಚ್ಚಿದೆ. ಪಟ್ಟಿಯ ಪ್ರಕಾರ ಆ ಮಹಡಿಯಲ್ಲಿ ಒಬ್ಬನೇ ಗಂಡಸು. ಆತ ಎರಡು ಪೊಟ್ಟಣ ಕೇಳಿ ಪಡೆಯುತ್ತಿದ್ದ. ಒಂದು ಎಲೆ ಸರಿಯಾಗಿ ಉಂಡದ್ದು. ಇನ್ನೊಂದರಲ್ಲಿ ಮೆಣಸಿನಕಾಯಿ, ಕರಿಬೇವು ಮಾತ್ರ ಉಳಿದಿತ್ತು. ಮಿಕ್ಕ ಎಲೆ ನೆಕ್ಕಿ ತೊಳೆದ ಹಾಗಿತ್ತು. ಎಲೆಯ ಮೂಲೆಯಲ್ಲಿ ಸಣ್ಣ ಸಣ್ಣ ಹಲ್ಲಿನ ಗುರುತು.

"ಮಗು," ಎಂದೆ. "ಇವ ಯಾರದ್ದೋ ಮಗು ಇಟ್ಕೊಂಡಿದ್ದಾನೆ."

ನನ್ನ ಗಂಟಲು ದೊಡ್ಡದು. ಮೇಜಿನಲ್ಲಿ ಕೂತವರೆಲ್ಲ ಎದ್ದರು. ಒಂದು ತಾರಸಿಯಿಂದ ಜನರನ್ನು ಇಳಿಸಲು ಹೊರಟಿದ್ದ ಬೋಟನ್ನು ತಿರುಗಿಸಿ ಅಲ್ಲಿಗೆ ಕಳಿಸಿದರು. ಹೋಗಿ ನೋಡಿದರೆ, ಪಿಂಚಣಿ ಪಡೆಯುವ ಒಬ್ಬ ವಯಸ್ಸಾದವರು ಮತ್ತು ಉದ್ದ ಮೈಯ, ಗಿಡ್ಡ ಕಾಲಿನ ಒಂದು ನಾಯಿ. ನಾಯಿ ಬೋಟಿಗೆ ಹಾರಿ ಕೂತದ್ದು ಇಳಿಯಲೇ ಇಲ್ಲವಂತೆ. ಶಾಲೆಯ ಗೇಟಿನಲ್ಲಿ ಬಸಪ್ಪ ಅದನ್ನು ಎತ್ತಿಕೊಂಡು ಬಂದು ನನ್ನೆದುರು ಇಟ್ಟ.

"ತಗೋರಿ ಅವ್ವಾರ, ನಿಮ್ಮ ಮೊಮ್ಮಗ."

ಅಡುಗೆಯ ಹೆಂಗಸರು ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ತಾರಸಿಯ ಮೇಲಿದ್ದವರು ಆ ಬೋಟಿಗಾಗಿ ಅಷ್ಟು ಹೊತ್ತು ಮಳೆಯಲ್ಲಿ ನೆನೆದಿದ್ದರು, ಅವರಲ್ಲೊಂದು ಹಸುಗೂಸು ಇತ್ತು, ಅದಕ್ಕೆ ಜ್ವರ ಬಂತು. ಕ್ಯಾಪ್ಟನ್ ನನ್ನ ಹತ್ತಿರ ಬಂದು ಮೆಲ್ಲಗೆ ಏನೋ ಹೇಳಿದ. ಬಸಪ್ಪ ನೆಲ ನೋಡುತ್ತ ಕನ್ನಡ ಮಾಡಿದ. "ಮಾತಾಜಿ ಅಡುಗಿ ನೋಡ್ಕೊಳ್ಳಿ, ಬೋಟ್ ನಾ ನೋಡ್ಕೋತೀನಿ ಅಂದಾರ್ರೀ."

ಅವನು ಹೇಳಿದ್ದು ಸರಿಯಾಗಿಯೇ ಇತ್ತು.

ಮರುದಿನ ಬೆಳಿಗ್ಗೆ ಮಳೆ ನಿಂತಿತು. ಶಾಲೆಯ ಅಂಗಳದಲ್ಲಿ ಒಂದು ಬಗೆಯ ನೀರು ಬೆರೆಸಿದ ಬಿಸಿಲು. ಬಂದ ಚೀಲಗಳ ರಾಶಿ ಹಾಕಿಕೊಂಡು ಬಿಚ್ಚುತ್ತ ಕೂತಿದ್ದೆ. ಮೂವತ್ತೊಂದನೇ ನಂಬರು. ಪಟ್ಟಿಯಲ್ಲಿ ಗಂಡ, ಹೆಂಡತಿ, ಇಬ್ಬರೂ ಗಟ್ಟಿಮುಟ್ಟು, ಬೋಟು ಹತ್ತಲು ಒಪ್ಪಲಿಲ್ಲ ಎಂದು ಬರೆದಿದ್ದರು. ಎರಡು ಪೊಟ್ಟಣ ಹೋಗಿತ್ತು, ಎರಡು ಎಲೆ ಬಂದಿತ್ತು. ಒಂದು ಎಲೆಯಲ್ಲಿ ಇಬ್ಬರು ಉಂಡಿದ್ದರು, ಎರಡು ಕಡೆಯಿಂದ. ಇನ್ನೊಂದು ಎಲೆ ನೋಡಿ ನನ್ನ ಕೈ ನಿಂತಿತು.

ಮೊಸರನ್ನವನ್ನು ಬೆರಳಿನಿಂದ ಒತ್ತಿ ಒತ್ತಿ ಗಂಧದಂತೆ ಅರೆದಿದ್ದರು. ಒಗ್ಗರಣೆಯ ಸಾಸಿವೆ ಒಂದೊಂದನ್ನೇ ಹೆಕ್ಕಿ ಎಲೆಯ ಅಂಚಿನಲ್ಲಿ ಸಾಲಾಗಿ ಇಟ್ಟಿದ್ದರು. ಅದರ ಪಕ್ಕ ಕಡಲೆಬೇಳೆ, ಅದರ ಪಕ್ಕ ಕರಿಬೇವು. ಆ ಸಾಲುಗಳು ಶಾಲೆಯ ಪುಸ್ತಕದ ಅಕ್ಷರದ ಹಾಗೆ ಕಾಣುತ್ತಿದ್ದವು. ನಾನು ಸಲೀಸಾಗಿ ಓದಬಲ್ಲ ಬರಹ ಜಗತ್ತಿನಲ್ಲಿ ಅದೊಂದೇ. ಹಲ್ಲಿಲ್ಲದ ಬಾಯಿಗೆ ಯಾರೋ ಉಣ್ಣಿಸಿದ್ದರು. ಎಲೆಯ ಒಂದು ಸೀಳನ್ನು ಕೊಳವೆಯಂತೆ ಸುತ್ತಿ ಕಡ್ಡಿ ಚುಚ್ಚಿದ್ದು ಕೂಡ ಸಿಕ್ಕಿತು. ಎದ್ದು ಕೂರುವವರಿಗೆ ಲೋಟ ಸಾಕು. ಮಲಗಿದವರ ಬಾಯಿಗೆ ನೀರು ಬಿಡಲು ಇಂಥದ್ದು ಬೇಕು.

ಆಗಲೇ ವಯರ್‌ಲೆಸ್ಸಿನಲ್ಲಿ ಸುದ್ದಿ ಬಂತು. ಮೇಲಿನ ಕೆರೆ ತುಂಬಿದೆ, ನೀರು ಬಿಡುತ್ತಿದ್ದಾರೆ. ಆ ಬೀದಿಯ ಮೊದಲ ಮಹಡಿಯವರೆಗೂ ಮಧ್ಯಾಹ್ನ ನೀರು ಬರಬಹುದು. ಇಳಿಯಲು ಒಪ್ಪಿದವರನ್ನೆಲ್ಲ ಇಳಿಸಿಯಾಗಿತ್ತು. ಉಳಿದವರು ತಾವೇ ತಾರಸಿ ಹತ್ತಬಲ್ಲವರು ಎಂದು ಪಟ್ಟಿ ಹೇಳುತ್ತಿತ್ತು. ಬೋಟುಗಳೆಲ್ಲ ರೈಲು ಹಳಿಯ ಆಚೆಗಿನ ಬಡಾವಣೆಗೆ ಹೊರಡಬೇಕು.

ನಾನು ಎಲೆ ಹಿಡಿದುಕೊಂಡು ಮೇಜಿಗೆ ಹೋದೆ. ಇನ್ನೂ ಅರ್ಧ ರಾಶಿ ಚೀಲ ಬಿಚ್ಚಲು ಬಾಕಿ ಇತ್ತು. ಬಂದು ನೋಡಿದರಾಯಿತು ಅಂದುಕೊಂಡೆ.

"ಮೂವತ್ತೊಂದರಲ್ಲಿ ಮಲಗಿದಲ್ಲೇ ಇರುವ ಜೀವ ಒಂದು ಉಂಟು. ಹಲ್ಲಿಲ್ಲದ್ದು. ತಾರಸಿ ಹತ್ತುಕೆ ಸಾಧ್ಯ ಇಲ್ಲ."

ಬಸಪ್ಪ ಅದನ್ನು ಹಿಂದಿಯಲ್ಲಿ ಹೇಳಿದ. ಕ್ಯಾಪ್ಟನ್ ಎಲೆಯ ಕಡೆ ನೋಡಲೇ ಇಲ್ಲ. "ಡಾಗ್?" ಎಂದ. ಅದು ನನಗೂ ತಿಳಿಯಿತು.

"ನಾಯಿಗೆ ಯಾರೂ ಸಾಸಿವೆ ಹೆಕ್ಕಿ ಕೊಡುದಿಲ್ಲ. ಹೇಳು ನಿನ್ನ ಸಾಹೇಬರಿಗೆ!"

ಬಸಪ್ಪ ಬಗ್ಗಿ ಎಲೆಯನ್ನು ಹತ್ತಿರದಿಂದ ನೋಡಿದ. ಆಮೇಲೆ ಹಿಂದಿಯಲ್ಲಿ ಬಹಳ ಹೊತ್ತು ಮಾತಾಡಿದ, ನಾನು ಹೇಳಿದ್ದಕ್ಕಿಂತ ತುಂಬ ಜಾಸ್ತಿ. ಕ್ಯಾಪ್ಟನ್ ಎಲೆ ತೆಗೆದುಕೊಂಡ. ಸಾಸಿವೆ ಸಾಲಿನ ಮೇಲೆ ಬೆರಳು ಆಡಿಸಿದ. ಸುತ್ತಿದ ಸೀಳನ್ನು ಎತ್ತಿ ಹಿಡಿದು ತನ್ನ ಬಾಟಲಿಯ ನೀರು ಬಿಟ್ಟ. ನೀರು ನೂಲಿನಂತೆ ಸಣ್ಣಗೆ, ಸದ್ದಿಲ್ಲದೆ ಇಳಿದು ನಕಾಶೆಯ ಮೇಲೆ ಬಿತ್ತು. ಎಲ್ಲರೂ ಅದನ್ನೇ ನೋಡುತ್ತ ನಿಂತೆವು.

"ಒಂದ್ ತಾಸು, ಒಂದ ಬೋಟು ಅಂದಾರ್ರೀ," ಎಂದ ಬಸಪ್ಪ. "ಈ ಸಲಾನೂ ನಾಯಿ ಆದ್ರ..."

"ಆದ್ರೆ ಈ ಕುರ್ಚಿ ಬೇರೆಯವರಿಗೆ ಕೊಡಿ. ನಡಿ, ನಾನೂ ಬರ್ತೇನೆ."

"ಈಜು ಬರ್ತದೇನ್ರೀ ನಿಮಗ?"

"ಸಮುದ್ರದ ದಂಡೆಯಲ್ಲಿ ಹುಟ್ಟಿದವಳು ನಾನು. ಈಜು ಬರುದಿಲ್ಲ."

ಬೋಟಿನಲ್ಲಿ ಬಸಪ್ಪ, ಮತ್ತಿಬ್ಬರು ಸೈನಿಕರು, ನಾನು. ಬೀದಿಗೆ ತಿರುಗಿದ ಮೇಲೆ ಮೋಟಾರು ನಿಲ್ಲಿಸಿ ಹುಟ್ಟು ಹಾಕಿದರು. ಕೆಳಗೆ ರಸ್ತೆ ಇದೆ ಎಂದು ಮರೆತೇ ಹೋಗುತ್ತಿತ್ತು. ಆಟೋಗಳ ಹಳದಿ ಮಾಡು ಮಾತ್ರ ಆಮೆಯ ಬೆನ್ನಿನಂತೆ ತೇಲುತ್ತಿತ್ತು. ಒಂದು ಬೇವಿನಮರದ ನಡುವೆಯೇ ಬೋಟು ಹಾದುಹೋಯಿತು. ಮೇಲಿನ ಕೊಂಬೆಗಳಲ್ಲಿ ಕೋಳಿಗಳು ಹಕ್ಕಿಗಳ ಹಾಗೆ ಸಾಲಾಗಿ ಕೂತಿದ್ದವು. ಎಲ್ಲಿಯೋ ನೀರೊಳಗೆ ಸಿಕ್ಕಿಕೊಂಡ ಒಂದು ಸ್ಕೂಟರಿನ ಹಾರನ್ ಸಣ್ಣಗೆ ಅಳುತ್ತಿತ್ತು. ಕಿಟಕಿಗಳಲ್ಲಿ ಜನ ಸುಮ್ಮನೆ ನಮ್ಮನ್ನು ನೋಡುತ್ತಿದ್ದರು, ನಾವು ಅವರ ನಿದ್ದೆಯಲ್ಲಿ ಬಂದು ಹೋಗುವವರು ಎಂಬ ಹಾಗೆ. ಕೆಲಸದ ನಡುವೆ ಹೀಗೆ ಮೈಮರೆಯುವುದು ಅಪಾಯ. ಆದರೂ ಆಗುತ್ತದೆ, ಸುಳ್ಳೇಕೆ ಹೇಳಲಿ.

ಮೂವತ್ತೊಂದರ ಮೆಟ್ಟಿಲು ನೀರಿನಿಂದ ಎದ್ದು ಬಂದ ಹಾಗಿತ್ತು. ಅಲ್ಲಿ ಬೋಟು ಕಟ್ಟಿದರು. ನಾನು ತಮಿಳಿನಲ್ಲಿ ಕೂಗಿದೆ. ನಲವತ್ತರ ಆಸುಪಾಸಿನ ಗಂಡಸು ಬಾಗಿಲು ಅರ್ಧ ತೆಗೆದ, ಹಿಂದೆ ಹೆಂಡತಿ.

"ನಾವಿಬ್ಬರೇ ಇರುವುದು. ತಾರಸಿಗೆ ಹೋಗುತ್ತೇವೆ, ನೀವು ಹೋಗಿ," ಎಂದು ಆತ ತಡವರಿಸುವ ತಮಿಳಿನಲ್ಲಿ ಹೇಳಿದ. ಅಷ್ಟರಲ್ಲಿ ಒಳಗಿನಿಂದ ಒಂದು ಗೊಗ್ಗರು ದನಿ:

"ಯಾರ್ಲಾ ನಾಗ ಅದು? ಕಳಿಸ್ಬುಡು ಅಂತ ಯೋಳಿಲ್ವಾ ನಿಂಗೆ?"

ಕನ್ನಡ! ಬಸಪ್ಪ ನನ್ನ ಮುಖ ನೋಡಿದ, ನಾನು ಅವನದು. ಹೆಂಡತಿ ಸುಮಿತ್ರಾ ಅಲ್ಲೇ ಗೋಡೆಗೆ ಒರಗಿ ಅಳಲು ಶುರುಮಾಡಿದಳು.

"ಇಬ್ರೇ ಇರುದಾ?" ಎಂದು ಕನ್ನಡದಲ್ಲಿ ಕೇಳಿದೆ. ಗಂಡ ನಾಗರಾಜ ಬಾಗಿಲಿಗೆ ಕೈ ಅಡ್ಡ ಇಟ್ಟ. ಸುಮಿತ್ರಾ ಹೇಳಿದಳು, "ಅತ್ತೆ ಆಣೆ ಹಾಕ್ಸಿದಾರೆ ಅಮ್ಮ. ಇವರದೇ ತಲೆ ಮೇಲೆ ಕೈ ಇಡಿಸ್ಕೊಂಡು. ಒಳಗಿದಾರೆ ಅಂತ ಯಾರಿಗೂ ಹೇಳಬಾರದು ಅಂತ. ಹೇಳಿದ್ರೆ ಇವರಿಗೇ ಏನಾದರೂ..."

"ಆಣೆ ಹಾಕಿದ್ದು ಅವನಿಗೆ. ನನಗಲ್ಲ," ಎಂದು ಅವರನ್ನು ಸರಿಸಿ ಒಳಗೆ ಹೋದೆ.

ಕೋಣೆಯಲ್ಲಿ ವಾಸನೆ ಇತ್ತು. ಮುಚ್ಚಿಟ್ಟು ಬರೆಯುವುದಿಲ್ಲ, ಈ ಕೆಲಸಕ್ಕೆ ಬರುವವರಿಗೆ ಅದು ಗೊತ್ತಿರಬೇಕು. ಮಂಚದ ಮೇಲೆ ರಬ್ಬರ್ ಶೀಟು, ಅದರ ಮೇಲೆ ಮುದುಕಿ, ಕುತ್ತಿಗೆಯವರೆಗೆ ಒಂದು ಹೊದಿಕೆ. ಹೊದಿಕೆಯ ಒಳಗೆ ಏನೂ ಉಟ್ಟಿರಲಿಲ್ಲ. ದಿನಕ್ಕೆ ಮೂರು ನಾಲ್ಕು ಸಲ ಬಟ್ಟೆ ಒದ್ದೆಯಾಗುತ್ತದೆ. ಬಿಡದ ಮಳೆಗೆ ಒಂದೂ ಒಣಗಿರಲಿಲ್ಲ. ಸೊಸೆಯ ಸೀರೆಗಳೂ ಮುಗಿದಿದ್ದವು. ಕೋಣೆಯ ತುಂಬ ಹಗ್ಗ ಕಟ್ಟಿ ಒದ್ದೆ ಬಟ್ಟೆ ಹರವಿದ್ದರು, ನೀರೊಳಗೆ ಇದ್ದ ಹಾಗೆ ಹಸಿರು ಬೆಳಕು.

"ನೀನ್ಯಾರವ್ವ?" ಎಂದಳು.

"ನೀವು ಉಣ್ಣುವ ಮೊಸರನ್ನ ಮಾಡುವವಳು."

"ಉಪ್ಪೇ ಆಕಾಕಿಲ್ವಲ್ಲ ನೀನು."

"ಹಾಕ್ತೇನೆ. ಈಗ ಏಳಿ, ಬೋಟು ಬಂದಿದೆ."

"ಈ ಅವತಾರ್ದಾಗೆ ನಾಕು ಜನ ಗಂಡಸ್ರು ನನ್ನ ಎತ್ಕೊಂಡ್ ಓಗದಾ? ಊರೆಲ್ಲ ನೋಡ್ಲಿ ಅಂತಾನಾ? ನೀರ್ ಬಂದ್ರೆ ಬರ್ಲಿ ಬುಡು. ನೀರ್ಗೆ ನಾಚ್ಕೆ ಇಲ್ಲ."

ಅವಳಿಗೆ ಸಾವಿನ ಹೆದರಿಕೆ ಇರಲಿಲ್ಲ. ಇದ್ದದ್ದು ಇದೊಂದೇ. ಪಟ್ಟಿ ಬರೆಯುವವರು ಯಾವ ಪ್ರಶ್ನೆ ಕೇಳಿದ್ದರೆ ಇದು ಹೊರಗೆ ಬರುತ್ತಿತ್ತು? ನನಗೆ ಇವತ್ತಿಗೂ ತೋಚುವುದಿಲ್ಲ.

ನಾನು ಬಾಗಿಲು ಹಾಕಿದೆ. ಸುಮಿತ್ರಾ ಹಿಡಿದಿಟ್ಟ ಮಳೆನೀರು ತಂದಳು. ಇಬ್ಬರೂ ಸೇರಿ ಅವಳನ್ನು ತೊಳೆದು ಒರೆಸಿದೆವು. ಬೆನ್ನಿನ ಚರ್ಮ ಒದ್ದೆ ಕಾಗದದ ಹಾಗೆ. ಆಮೇಲೆ ಉಡಿಸಲು ಏನಿದೆ? ಆ ಮನೆಯಲ್ಲಿ ಒಣಗಿದ ಸೀರೆ ಅಂದರೆ ನನ್ನ ಮೈಮೇಲೆ ಇದ್ದದ್ದು ಒಂದೇ. ಬಿಚ್ಚಿದೆ. ಲಂಗ, ರವಿಕೆಯಲ್ಲಿ ನಿಂತು ಅವಳಿಗೆ ಉಡಿಸಿದೆ, ಸೆರಗು ತಲೆಯ ಮೇಲೆ ಹೊದಿಸಿದೆ. ಮುದುಕಿ ಸುಮ್ಮನೆ ಉಡಿಸಿಕೊಂಡಳು. ನೆರಿಗೆ ಸಿಕ್ಕಿಸುವಾಗ ಮಾತ್ರ, "ಇನ್ನೊಸಿ ಮೇಕ್ಕೆ," ಎಂದಳು.

ನಾನು ಬಾಗಿಲ ಸಂದಿಯಿಂದ ಕೈ ಹೊರಗೆ ಚಾಚಿದೆ. "ಬಸಪ್ಪ, ನಿನ್ನ ರೇನ್‌ಕೋಟು ಕೊಡು."

"ಯಾಕ್ರೀ ಅವ್ವಾರ? ಮಳಿ ಇಲ್ಲಲ್ರೀ."

"ಕೊಡು ಅಂದ್ರೆ ಕೊಡು ಮಾರಾಯ!"

ಮೊಣಕಾಲಿನ ಕೆಳಗಿನವರೆಗೆ ಬರುವ ಮಿಲಿಟರಿ ರೇನ್‌ಕೋಟು ತೊಟ್ಟು ನಾನು ಹೊರಗೆ ಬಂದಾಗ ಆ ಮೂವರೂ ಅಟೆನ್ಶನ್ನಿನಲ್ಲಿ ನಿಂತು ಗೋಡೆ ನೋಡತೊಡಗಿದರು. ಒಳ್ಳೆಯ ಮನೆಯ ಮಕ್ಕಳು.

ಬಸಪ್ಪ ಮುದುಕಿಯನ್ನು ಬೆನ್ನಿಗೆ ಹಾಕಿಕೊಂಡ, ಒಂದು ಹಸಿ ಸೀರೆಯಿಂದ ಇಬ್ಬರನ್ನೂ ಸೇರಿಸಿ ಬಿಗಿದೆವು. ನೀರು ಆಗಲೇ ಮತ್ತೆರಡು ಮೆಟ್ಟಿಲು ನುಂಗಿತ್ತು. ಅವನು ಒಂದೊಂದೇ ಮೆಟ್ಟಿಲು ತಡವಿ ಇಳಿದ, ಸೊಂಟದವರೆಗೆ ನೀರು.

"ಯಾವೂರ್ಲಾ ನಿಂದು?" ಮುದುಕಿ ಅವನ ಕಿವಿಯ ಹತ್ತಿರ ಕೇಳಿದಳು.

"ಮುಧೋಳದ ಕಡೆಯಂವಾ ಬೇ."

"ಉಸಾರು ಕಣಪ್ಪ. ನಂಗಲ್ಲ, ನೀನ್ ಬಿದ್ದೀಯ."

ಬೋಟಿನಲ್ಲಿ ಅವಳ ತಲೆಯನ್ನು ಸುಮಿತ್ರಾ ತೊಡೆಯ ಮೇಲಿಟ್ಟುಕೊಂಡಳು. ನಾಗರಾಜ ತನ್ನ ತಲೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ, ಆಣೆ ತಾಗಿತೋ ಎಂದು. ಹೊಸ ನೀರು ಬರುವ ಸದ್ದು ದೂರದಲ್ಲಿ, ಯಾರೋ ಬಹಳ ಉದ್ದನೆಯ ಬಟ್ಟೆಯನ್ನು ಎಳೆದುಕೊಂಡು ಬಂದ ಹಾಗೆ. ಮುದುಕಿ ಆಕಾಶ ನೋಡುತ್ತ ಮಲಗಿದ್ದಳು. ಎರಡು ವರ್ಷದಿಂದ ಅವಳು ಕಂಡದ್ದು ಆ ಕೋಣೆಯ ಮಾಡು ಮಾತ್ರವಂತೆ. ಮೋಡ ಸರಿದು ಬಿಸಿಲು ಮುಖದ ಮೇಲೆ ಬಿದ್ದಾಗ ಕಣ್ಣು ಮುಚ್ಚಲಿಲ್ಲ. ನೀರಿನ ಬೆಳಕು ಅವಳ ಗದ್ದದ ಮೇಲೆ ಆಡುತ್ತಿತ್ತು.

ಶಾಲೆಗೆ ತಲುಪಿ ಅವಳನ್ನು ಒಂದು ಕ್ಲಾಸಿನ ಬೆಂಚುಗಳ ಮೇಲೆ ಮಲಗಿಸಿದೆವು. ಡಾಕ್ಟರು ನೋಡಿದರು. ಕ್ಯಾಪ್ಟನ್ ಬಾಗಿಲಲ್ಲಿ ನಿಂತು ಸಣ್ಣಗೆ ತಲೆ ಬಾಗಿಸಿದ, ನನಗೋ ಅವಳಿಗೋ ತಿಳಿಯಲಿಲ್ಲ. ಮುಂದೆ ಅವನ ಹುಡುಗರು ಪ್ರತಿ ಮನೆಯಲ್ಲೂ 'ಎಷ್ಟು ಜನ' ಎಂದು ಕೇಳುವುದರ ಜೊತೆಗೆ 'ಯಾರಿಗಾದರೂ ಕೈಯಲ್ಲಿ ಉಣ್ಣಿಸುತ್ತೀರಾ' ಎಂದೂ ಕೇಳತೊಡಗಿದರು.

ನಾನು ಉಳಿದ ಚೀಲಗಳನ್ನು ನೋಡಲೆಂದು ಅಂಗಳಕ್ಕೆ ಹೋದೆ.

ರಾಶಿ ಇರಲಿಲ್ಲ. ಅಂಗಳದ ಉದ್ದಕ್ಕೂ, ಧ್ವಜದ ಕಂಬದಿಂದ ಬೇಲಿಯವರೆಗೆ ಹಗ್ಗ ಕಟ್ಟಿ ಚೀಲಗಳನ್ನು ಒಣಗಲು ಹಾಕಿದ್ದರು. ಹಳದಿಯ ಮೇಲೆ ಹಳದಿ, ಸಾಲಿನ ಹಿಂದೆ ಸಾಲು, ಒದ್ದೆ ಬಿಸಿಲಿನಲ್ಲಿ ಗಾಳಿಗೆ ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಇಳಿಯುತ್ತಿದ್ದವು. ಅಷ್ಟು ಚಂದದ್ದನ್ನು ನಾನು ಮದ್ರಾಸಿನಲ್ಲಿ ನೋಡಿಲ್ಲ.

ಬೋಟಿಗೆ ಹೋಗದೆ ಉಳಿದಿದ್ದ ಇಬ್ಬರು ಸೈನಿಕರು ತೋಳು ಮಡಚಿಕೊಂಡು ನಗುತ್ತ ನಿಂತಿದ್ದರು. ಬಸಪ್ಪ ಅವರನ್ನು ಕೇಳಿ ಬಂದು ಹೇಳಿದ, "ನೀವು ಹೊಲಸನ್ಯಾಗ ಕೈ ಹಾಕೂದು ನೋಡಿ ಇವರಿಗೆ ಸಂಕಟ ಆತಂತ್ರೀ. ನೀವು ಬರೂದ್ರಾಗ ಎಲ್ಲಾ ಎಲಿ ಲಾರಿಗೆ ಹಾಕಿ, ಚೀಲಾ ಒಗದು ಇಟ್ಟಾರ. ಮಾತಾಜಿಗೆ ಖುಷಿ ಆಗ್ತದಂತ."

ಲಾರಿ ಹೋಗಿ ಬಹಳ ಹೊತ್ತಾಗಿತ್ತು. ಬೋಟುಗಳು ಹಳಿಯ ಆಚೆ ಹೋಗಿದ್ದವು. ನೋಡದೆ ಬಿಸಾಡಬಾರದು ಎಂದು ನಾನು ಮೊದಲ ದಿನ ಬಸಪ್ಪನಿಗೆ ಹೇಳಿದ್ದೆ, ಈ ಇಬ್ಬರಿಗೆ ಹೇಳಿರಲಿಲ್ಲ. ಬಸಪ್ಪನಿಗೂ ಯಾಕೆ ಎಂದು ಹೇಳಿರಲಿಲ್ಲ; ಉಪ್ಪು ನೋಡುತ್ತೇನೆ ಎಂದು ಬಾಯಿಗೆ ಬಂದದ್ದು ಹೇಳಿದ್ದೆ. ತನ್ನ ವಿದ್ಯೆಯನ್ನು ತನ್ನಲ್ಲೇ ಇಟ್ಟುಕೊಳ್ಳುವುದು ಅಡುಗೆಯವರ ಚಟ. ಮೆಸ್ಸಿಗೆ ಅದು ಆದೀತು, ಈ ಕೆಲಸಕ್ಕಲ್ಲ.

"ಲಾಯ್ಕ ಒಗೆದಿದ್ದೀರಿ," ಎಂದೆ. ಬಸಪ್ಪ ಅದನ್ನು ಹಿಂದಿ ಮಾಡಿದ. ಅವರಿಬ್ಬರ ಮುಖ ಅರಳಿತು.

ನೀರಿಳಿದ ಮೇಲೆ ನಾನು ಆ ಬೀದಿಯಲ್ಲಿ ಮನೆ ಮನೆಗೆ ಹೋದೆ. ತೆರೆದ ಬಾಗಿಲುಗಳಲ್ಲಿ ಎಲ್ಲರೂ ಇದ್ದರು. ತೆರೆಯದ ಬಾಗಿಲು ಎರಡು. ಊರಿಗೆ ಹೋಗಿರುತ್ತಾರೆ ಎಂದರು ಪಕ್ಕದವರು. ಇರಬಹುದು. ಅದರಲ್ಲೊಂದು ಮನೆಯ ಬಾಲ್ಕನಿಯ ಕಂಬಿಯಿಂದ ಹಗ್ಗ ಇನ್ನೂ ಇಳಿಬಿದ್ದಿತ್ತು. ತುದಿಯಲ್ಲಿ ಚೀಲ ಇರಲಿಲ್ಲ. ಚೀಲ ನನ್ನ ಹತ್ತಿರ ಇತ್ತು, ನಾನು ಎಲೆ ನೋಡುವ ಮೊದಲೇ ಒಗೆದು ಮಡಚಿಟ್ಟದ್ದು.